‘ನಾನು ಯಾರು?’ ಎಂದು ತರಗತಿಯಲ್ಲಿ ಕೇಳುವ ಬಗೆ

ಸಾಮಾಜಿಕ ಮನೋವಿಜ್ಞಾನದಲ್ಲಿ ‘ಸ್ವ’ದ ಪಾಠವನ್ನು ನಾನು ವ್ಯಾಖ್ಯಾನದಿಂದ ಆರಂಭಿಸುವುದಿಲ್ಲ. ಒಂದು ಹಾಳೆ ಕೊಟ್ಟು, ‘ನಾನು ಯಾರು?’ ಎಂಬ ಪ್ರಶ್ನೆಗೆ 12 ನಿಮಿಷಗಳಲ್ಲಿ 20 ಉತ್ತರ ಬರೆಸುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮ್ಯಾನ್‌ಫೋರ್ಡ್ ಕೂನ್ ಮತ್ತು ಥಾಮಸ್ ಮ್ಯಾಕ್‌ಪಾರ್ಟ್‌ಲ್ಯಾಂಡ್ 1954ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ನೀವು ಮಾಡಿಸುವುದಾದರೆ ಕನ್ನಡದಲ್ಲೇ ಮಾಡಿಸಿ.

ಹಾಳೆಯಲ್ಲಿ 1ರಿಂದ 20ರವರೆಗೆ ಅಂಕಿಗಳಷ್ಟೇ ಇರಲಿ. ಪ್ರತಿ ಸಾಲಿನ ಮೊದಲಿಗೆ ‘ನಾನು’ ಎಂದು ಅಚ್ಚು ಹಾಕಿಸಬೇಡಿ. ಇಂಗ್ಲಿಷ್ ನಮೂನೆ ನೋಡಿ ನಾನೂ ಕೆಲವು ವರ್ಷ ಹಾಗೆ ಮಾಡಿದ್ದೆ. ಒಬ್ಬ ಹುಡುಗಿ ‘ನಾನು ಸಿಟ್ಟಿನವಳು’ ಎಂದು ಬರೆದು, ಅದನ್ನು ಹೊಡೆದುಹಾಕಿ, ಅಂಚಿನಲ್ಲಿ ‘ನನಗೆ ಅಣ್ಣನ ಮೇಲೆ ಬೇಗ ಸಿಟ್ಟು ಬರುತ್ತದೆ’ ಎಂದು ತಿದ್ದಿದ್ದಳು. ಎರಡೂ ಒಂದೇ ಅಲ್ಲ. ಮೊದಲನೆಯದು ಸ್ವಭಾವ, ಎರಡನೆಯದು ಬಂದು ಹೋಗುವಂಥದ್ದು, ಅದೂ ಒಬ್ಬರೆದುರು ಮಾತ್ರ. ಸಿಟ್ಟು, ಭಯ, ನಾಚಿಕೆ ಎಲ್ಲ ಕನ್ನಡದಲ್ಲಿ ‘ನನಗೆ’ ಆಗುವಂಥವು. ಅದಕ್ಕೆ ಹಾಳೆಯಲ್ಲಿ ಜಾಗ ಬೇಕು.

ಬೇರೆಯವರಿಗಲ್ಲ, ತಮಗೆ ತಾವೇ ಹೇಳಿಕೊಂಡಂತೆ, ತೋಚಿದ ಕ್ರಮದಲ್ಲೇ ಬರೆಯಲು ಹೇಳಿ. ವಿದ್ಯಾರ್ಥಿ, ಮಗಳು, ಊರು, ಜಾತಿ ಎಲ್ಲ ಬೇಗ ಮುಗಿಯುತ್ತವೆ. ಎಂಟು ಹತ್ತು ಉತ್ತರಗಳಾದ ಮೇಲೆ ಪೆನ್ನುಗಳು ನಿಲ್ಲುತ್ತವೆ. ಆಗ ದಯವಿಟ್ಟು ಉದಾಹರಣೆ ಕೊಡಬೇಡಿ, ಸುಮ್ಮನಿರಿ. ಯಾರೂ ಕೇಳದಿದ್ದ ಉತ್ತರಗಳು ಆ ಮೌನದ ನಂತರವೇ ಬರುತ್ತವೆ.

ಮರುದಿನ ಅದೇ ಪ್ರಶ್ನೆಯನ್ನು ‘ಮನೆಯಲ್ಲಿ’, ‘ಕಾಲೇಜಿನಲ್ಲಿ’, ‘ಆಪ್ತ ಗೆಳೆಯರೊಡನೆ’ ಎಂದು ಬಿಡಿಸಿ ಕೇಳಿ. ಸಂಶೋಧಕ ಸ್ಟೀವನ್ ಕಸಿನ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ‘ನಾನು ಯಾರು?’ಗೆ ಜಪಾನಿನ ವಿದ್ಯಾರ್ಥಿಗಳು ಅಮೆರಿಕದವರಿಗಿಂತ ಕಡಿಮೆ ಸ್ವಭಾವಗುಣಗಳನ್ನು ಬರೆದಿದ್ದರು. ಸಂದರ್ಭ ಹೇಳಿ ಕೇಳಿದಾಗ ಜಪಾನಿನವರೇ ಹೆಚ್ಚು ಬರೆದರು. ಏಷ್ಯಾದವರಿಗೆ ‘ಸ್ವ’ದ ಅರಿವೇ ಕಡಿಮೆ ಎಂದು ಯಾರಾದರೂ ಹೇಳಿದರೆ ಈ ಫಲಿತಾಂಶವನ್ನು ಮುಂದಿಡಿ. ಪ್ರಶ್ನೆ ಕೇಳಿದ ರೀತಿಯಲ್ಲೇ ಅರ್ಧ ಉತ್ತರವಿತ್ತು.

ಆದರೆ ಹಾಳೆಗಳನ್ನು ಸಂಗ್ರಹಿಸಲೇಬೇಡಿ. ಮೊದಲ ವರ್ಷ ನಾನು ಸಂಗ್ರಹಿಸಿ, ಹೆಸರಿಲ್ಲವಲ್ಲ ಎಂದು ಕೆಲವನ್ನು ಗಟ್ಟಿಯಾಗಿ ಓದಿದೆ. ‘ನಾನು ಮನೆಗೆ ಭಾರ’ ಎಂಬ ಸಾಲಿಗೆ ಬಂದಾಗ ಇಡೀ ಮೂರನೇ ಬೆಂಚು ಒಬ್ಬಳ ಕಡೆ ತಿರುಗಿತು. ಅವಳು ತಲೆ ಎತ್ತಲಿಲ್ಲ. ಆ ಸೆಮಿಸ್ಟರ್ ಮುಗಿಯುವವರೆಗೂ ಅವಳು ನನ್ನ ತರಗತಿಯಲ್ಲಿ ಮಾತನಾಡಲಿಲ್ಲ. ಈಗ ಎಷ್ಟು ಪಾತ್ರ (ಮಗಳು, ವಿದ್ಯಾರ್ಥಿಯಂಥವು), ಎಷ್ಟು ಗುಣ, ಎಷ್ಟು ‘ನನಗೆ’ ಎಂದು ವಿದ್ಯಾರ್ಥಿಗಳೇ ಎಣಿಸಿ, ಮೂರು ಅಂಕಿಗಳನ್ನು ಚೀಟಿಯಲ್ಲಿ ಕೊಡುತ್ತಾರೆ. ಹಾಳೆ ಅವರ ಚೀಲಕ್ಕೇ ಹೋಗುತ್ತದೆ.