ಬಾಣಂತನಕ್ಕೆ ಹೋದವಳು ಬೆಳ್ಳಿ ಹುಡುಕಿದ್ದು

ಮೊದಲು ಮೋಸಹೋದ ಕಥೆ ಹೇಳಿಬಿಡುತ್ತೇನೆ. ಮೋಸ ಮಾಡಿದವರು ಯಾರೂ ಇಲ್ಲ, ನಾನೇ ಹೋಗಿ ಬಿದ್ದದ್ದು.

ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೋಗಿದ್ದೆ. ಎರಡು ತಿಂಗಳು ಮನೆಯೊಳಗೇ ಇದ್ದು ಬೇಸರವಾಗಿತ್ತು. ಒಂದು ಶನಿವಾರ ಅಳಿಯ ಪೋರ್ಟೊಬೆಲ್ಲೊ ರಸ್ತೆಯ ಸಂತೆಗೆ ಕರೆದುಕೊಂಡು ಹೋದ. ಹಳೆ ಸಾಮಾನಿನ ಅಂಗಡಿಗಳೆಲ್ಲ ಶನಿವಾರವೇ ಪೂರ್ತಿ ತೆರೆಯುವುದು. ಅಲ್ಲೊಂದು ಪುಟ್ಟ ಹಾಲಿನ ಜಗ್ಗು ಕಣ್ಣಿಗೆ ಬಿತ್ತು. ತಿರುಗಿಸಿ ನೋಡಿದರೆ ಕೆಳಗೆ ಒಂದು ಕಿರೀಟ, ಪಕ್ಕದಲ್ಲಿ ಪುಟ್ಟ ಗುರಾಣಿಗಳೊಳಗೆ ಬಳ್ಳಿ ಬಳ್ಳಿಯಾದ ನಾಲ್ಕು ಅಕ್ಷರ. ಕಿರೀಟ ಅಂದರೆ ಹಿಂದೆ ಶೆಫೀಲ್ಡ್ ಊರಿನಲ್ಲಿ ಬೆಳ್ಳಿಗೆ ಒತ್ತುತ್ತಿದ್ದ ಮುದ್ರೆ ಅಂತ ಎಲ್ಲೋ ಓದಿದ್ದು ನೆನಪಿತ್ತು. ಅಂಗಡಿಯವನು ‘ನೈಸ್ ಪ್ಲೇಟ್’ ಅಂದ. ಜಗ್ಗಿಗೆ ಯಾಕಪ್ಪಾ ಪ್ಲೇಟ್ ಅಂತಾನೆ ಅಂದುಕೊಂಡು 35 ಪೌಂಡ್ ಕೊಟ್ಟೆ.

ಮನೆಗೆ ಬಂದ ಮೇಲೆ ಮಗಳು ಆ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಇ, ಪಿ, ಎನ್, ಎಸ್. ಅಂದರೆ ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್. ನಮ್ಮಲ್ಲಿ ಜರ್ಮನ್ ಸಿಲ್ವರ್ ಅಂತೀವಲ್ಲ, ಹೆಸರಿನಲ್ಲಿ ಮಾತ್ರ ಬೆಳ್ಳಿ ಇರುವ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ? ಅದರ ಮೇಲೆ ಕರೆಂಟಿನಲ್ಲಿ ಬೆಳ್ಳಿ ನೀರು ಕುಡಿಸಿದ್ದು. 1840ರಲ್ಲಿ ಎಲ್ಕಿಂಗ್ಟನ್ ಅನ್ನುವವರು ಈ ವಿದ್ಯೆಗೆ ಪೇಟೆಂಟ್ ಪಡೆದ ಮೇಲೆ ಇಂಗ್ಲೆಂಡಿನ ಮನೆಮನೆಗೂ ಇಂಥ ಸಾಮಾನು ಬಂತು. ‘ಪ್ಲೇಟ್’ ಅಂದರೆ ಲೇಪ. ಪಾಪ, ಆತ ನಿಜವನ್ನೇ ಹೇಳಿದ್ದ.

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವಳು. ಅದರಲ್ಲಿ ಒಂಬತ್ತು ವರ್ಷ ಚಿನ್ನದ ಸಾಲದ ಕೌಂಟರಿನಲ್ಲಿ ಕೂತಿದ್ದೆ. ಅಪ್ರೈಸರ್ ಒರೆಗಲ್ಲಿಗೆ ಉಜ್ಜುವ ಮೊದಲೇ ಸರದ ಬಣ್ಣ ನೋಡಿ ಹೇಳುತ್ತಿದ್ದೆ. ಅಂಥವಳಿಗೆ ಇದು ಸಣ್ಣ ಅವಮಾನವಲ್ಲ. ಆಗ ನಿರ್ಧಾರ ಮಾಡಿದೆ, ಮೊದಲು ಪುಸ್ತಕ, ಆಮೇಲೆ ಬೆಳ್ಳಿ.

ಪುಸ್ತಕ ಸಿಕ್ಕಿದ್ದು ಮಗಳ ಮನೆ ಹತ್ತಿರದ ಚಾರಿಟಿ ಅಂಗಡಿಯಲ್ಲಿ, 3 ಪೌಂಡಿಗೆ. ಬ್ರಾಡ್‌ಬರಿಯ ಹಾಲ್‌ಮಾರ್ಕ್ ಕೈಪಿಡಿ. ಶೆಫೀಲ್ಡಿನ ಫ್ರೆಡೆರಿಕ್ ಬ್ರಾಡ್‌ಬರಿ 1927ರಲ್ಲಿ ಮೊದಲು ತಂದದ್ದು. ಪರ್ಸಿನಲ್ಲಿ ಹಿಡಿಯುವಷ್ಟು ಪುಟ್ಟದು. ಮಗು ರಾತ್ರಿ ಮೂರು ಗಂಟೆಗೆ ಎದ್ದು ಹಟ ಮಾಡುತ್ತಿತ್ತು. ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಾ, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ಓದಿದೆ. ಬ್ಯಾಂಕಿನ ಪ್ರಮೋಷನ್ ಪರೀಕ್ಷೆಗೂ ಅಷ್ಟು ಓದಿರಲಿಲ್ಲ.

ಒಮ್ಮೆ ತಲೆಗೆ ಹೋದರೆ ಬಹಳ ಸುಲಭ. ನಡೆಯುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು. ಲಂಗರು ಬರ್ಮಿಂಗ್‌ಹ್ಯಾಮಿನದು, ಸಮುದ್ರವೇ ಇಲ್ಲದ ಊರಿಗೆ ಲಂಗರು! ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡಕ್ಕೂ ಮುದ್ರೆಯ ಹಕ್ಕು ಬಂದದ್ದು 1773ರಲ್ಲಿ. 1784ರಿಂದ 1890ರವರೆಗೆ ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ರಾಜನ ಅಥವಾ ರಾಣಿಯ ತಲೆ. ಮಾಡಿದವರ ಹೆಸರಿನ ಮೊದಲಕ್ಷರ. ಕೊನೆಗೆ ವರ್ಷಕ್ಕೊಂದು ಅಕ್ಷರ. ಲಂಡನ್ನಿನಲ್ಲಿ 1974ರವರೆಗೆ ಎ ಇಂದ ಯು ತನಕ, ಜೆ ಬಿಟ್ಟು, ಇಪ್ಪತ್ತು ಅಕ್ಷರ ಬಳಸುತ್ತಿದ್ದರು. ಇಪ್ಪತ್ತು ವರ್ಷ ಮುಗಿದರೆ ಅಕ್ಷರದ ಬರಹ ಬದಲಿಸಿ ಮತ್ತೆ ಎ. ನಮ್ಮ ಅರವತ್ತು ಸಂವತ್ಸರ ಸುತ್ತಿ ಬರುತ್ತದಲ್ಲ, ಹಾಗೆ. ತೊಡಕೂ ಅಲ್ಲೇ ಇದೆ. ಯಾವ ಸುತ್ತಿನದು ಅಂತ ಗೊತ್ತಾಗದಿದ್ದರೆ ಅಕ್ಷರ ಓದಿಯೂ ಉಪಯೋಗವಿಲ್ಲ.

ಅದು ಚೆನ್ನಾಗಿ ಅರ್ಥವಾದದ್ದು ಲಂಡನ್ನಿನದೇ ಬರ್ಮಂಡ್ಸಿಯಲ್ಲಿ. ಅಲ್ಲಿ ಶುಕ್ರವಾರ ಬೆಳಗಿನ ಜಾವ ಸಂತೆ ಸೇರುತ್ತದೆ. ಮಗುವಿಗೆ ಎಣ್ಣೆ ನೀರು ಹಾಕುವ ಹೊತ್ತಿಗೆ ವಾಪಸ್ ಬರಬೇಕು ಅಂತ ಆರಕ್ಕೇ ಹೋಗುತ್ತಿದ್ದೆ. ವ್ಯಾಪಾರಿಗಳೇ ವ್ಯಾಪಾರಿಗಳಿಂದ ಟಾರ್ಚ್ ಬಿಟ್ಟು ನೋಡಿ ಕೊಳ್ಳುತ್ತಿರುತ್ತಾರೆ. ಈ ಸಂತೆಗೊಂದು ತಮಾಷೆಯ ಕಾನೂನಿತ್ತಂತೆ. ಸೂರ್ಯ ಹುಟ್ಟಿ ಮುಳುಗುವುದರೊಳಗೆ ಇಲ್ಲಿ ನಂಬಿಕೆಯಿಂದ ಕೊಂಡ ಮಾಲು ಕಳ್ಳಮಾಲೇ ಆಗಿದ್ದರೂ ಕೊಂಡವರದ್ದೇ. 1995ರಲ್ಲಿ ಅದು ರದ್ದಾಯಿತು. ಬ್ಯಾಂಕಿನವಳಾದ ನನಗೆ ಕೇಳಿಯೇ ಮೈ ಜುಮ್ಮೆಂದಿತು.

ಮೂರನೇ ಶುಕ್ರವಾರ ಒಂದು ಟ್ರೇನಲ್ಲಿ ಚಮಚಗಳ ರಾಶಿ. ಚೀಟಿಯಲ್ಲಿ ವಿಕ್ಟೋರಿಯಾ ಕಾಲದ್ದು, ಯಾವುದಾದರೂ 40 ಪೌಂಡ್ ಅಂತ ಬರೆದಿತ್ತು. ಒಂದೊಂದೇ ಎತ್ತಿ ನೋಡಿದೆ. ಚಮಚದಲ್ಲಿ ಮುದ್ರೆ ನೋಡುವ ಮೊದಲು ತುದಿ ನೋಡಬೇಕು. ಇನ್ನೂರು ವರ್ಷ ತಟ್ಟೆಗೆ ಉಜ್ಜಿ ಉಜ್ಜಿ ಒಂದು ಕಡೆ ಸವೆದಿರುತ್ತದೆ. ಆಮೇಲೆ ಹಿಡಿಯ ಮೇಲೆ ಹಾ ಅಂತ ಉಸಿರು ಬಿಡಬೇಕು. ಬೆಸುಗೆ ಹಾಕಿದ್ದರೆ, ಹಳೆಯ ಹೆಸರು ಅಳಿಸಿದ್ದರೆ ಆ ಮಬ್ಬಿನಲ್ಲಿ ಗೆರೆ ಎದ್ದು ಕಾಣುತ್ತದೆ. ಹೆಸರು ಅಳಿಸಿದ ಜಾಗ ತೆಳುವಾಗಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಗೊತ್ತಾಗುತ್ತದೆ.

ಒಂದು ದೊಡ್ಡ ಚಮಚದ ಹಿಂದೆ ‘ಡಿ’ ಅಕ್ಷರ ಇತ್ತು. ಸಾದಾ ದೊಡ್ಡಕ್ಷರ. ಕೈಪಿಡಿ ತೆಗೆದೆ. ಅಂಥ ಡಿ 1879ರಲ್ಲೂ ಇದೆ, 1799ರಲ್ಲೂ ಇದೆ. ಚೀಟಿ ಬರೆದವರು 1879 ಅಂದುಕೊಂಡಿರಬೇಕು. ನಾನು ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಚಿರತೆಯ ತಲೆ ನೋಡಿದೆ. ಸವೆದಿದ್ದರೂ ಮೇಲೆ ಕಿರೀಟದ ಮೊನೆಗಳು ಕಂಡವು. 1821ರಲ್ಲಿ ಲಂಡನ್ನಿನ ಚಿರತೆ ಕಿರೀಟ ಕಳೆದುಕೊಂಡಿತು. ಅಂದಮೇಲೆ ಇದು ಅದಕ್ಕೂ ಹಿಂದಿನದು. ಪಕ್ಕದ ತಲೆ ಬಲಕ್ಕೆ ಮುಖ ಮಾಡಿತ್ತು. ವಿಕ್ಟೋರಿಯಾ ರಾಣಿ ಆಗಿದ್ದರೆ ಎಡಕ್ಕೆ ನೋಡಬೇಕು. ಇದು ಮೂರನೇ ಜಾರ್ಜ್.

1799. ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ನಮ್ಮೂರಿನವರಿಗೆ ಆ ಇಸವಿ ಯಾರೂ ಹೇಳಿಕೊಡಬೇಕಿಲ್ಲ. ಟಿಪ್ಪು ಬಿದ್ದದ್ದು ಮೇ 4ಕ್ಕೆ. ಲಂಡನ್ನಿನ ಅಕ್ಷರ ಬದಲಾಗುತ್ತಿದ್ದದ್ದು ಮೇ ಕೊನೆಗೆ. ಹಾಗಾಗಿ ಈ ಚಮಚಕ್ಕೆ ಮುದ್ರೆ ಬೀಳುವ ಹೊತ್ತಿಗೆ ಕೋಟೆ ಲೂಟಿ ಮುಗಿದಿತ್ತು. ಸುಮ್ನೆ ಒಂದು ಲೆಕ್ಕ, ಅಷ್ಟೆ. ಚಮಚಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ ಕೈ ನಡುಗಿತು. 40 ಪೌಂಡ್ ಕೊಟ್ಟೆ, ಚೌಕಾಸಿ ಮಾಡಲೂ ಮರೆತೆ.

ಕೊಳ್ಳಲು ಅಲ್ಲದಿದ್ದರೂ ಕೈ ಪಳಗಿಸಲು ಎರಡು ಜಾಗಕ್ಕೆ ಹೋಗುತ್ತಿದ್ದೆ. ಒಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶ ಪುಕ್ಕಟೆ. ಬೆಳ್ಳಿಯ ಗ್ಯಾಲರಿ ಮಹಡಿ ಮೇಲೆ ಇದೆ. ನೋಡಬಹುದು, ಮುಟ್ಟುವ ಹಾಗಿಲ್ಲ. ಮುಟ್ಟಬೇಕು ಅಂದರೆ ಚಾನ್ಸರಿ ಲೇನಿನ ಸಿಲ್ವರ್ ವಾಲ್ಟ್ಸ್‌ಗೆ ಹೋಗಬೇಕು. ನೆಲದಡಿಯಲ್ಲಿ, ಹಿಂದೆ ಸಿರಿವಂತರ ಸೇಫ್ ಡಿಪಾಸಿಟ್ ಆಗಿದ್ದ ಕೋಣೆಗಳಲ್ಲೇ ಅಂಗಡಿಗಳು. ಒಂದೊಂದಕ್ಕೂ ನಮ್ಮ ಬ್ಯಾಂಕಿನ ಸ್ಟ್ರಾಂಗ್‌ರೂಮಿನ ಬಾಗಿಲು. ನನಗೆ ತವರಿಗೆ ಬಂದಂತಾಯಿತು. ಕೊಳ್ಳುವುದಿಲ್ಲ, ಕಲಿಯಲು ಬಂದೆ ಅಂತ ಮೊದಲೇ ಹೇಳಿದರೆ ಬೇಸರಿಸದೆ ತೋರಿಸಿದರು. ಮೇಣದಬತ್ತಿಯ ಕಂಬ ಭಾರವಾಗಿದ್ದರೆ ಮೋಸಹೋಗಬೇಡಿ, ಒಳಗೆ ರಾಳ ತುಂಬಿರುತ್ತಾರೆ ಅಂತ ಹೇಳಿಕೊಟ್ಟದ್ದು ಅಲ್ಲಿನ ಒಬ್ಬ ಹಿರಿಯರು.

ಅವರ ಕಪಾಟಿನಲ್ಲೇ ಅದು ಇತ್ತು. ದೋಣಿಯ ಆಕಾರ, ಕಾಲಿಲ್ಲ, ಹಿಡಿಯಿಲ್ಲ, ಮುಂದೆ ಉದ್ದ ಮೂತಿ. ‘ಅಯ್ಯೋ, ಒಳಲೆ!’ ಅಂತ ಜೋರಾಗಿಯೇ ಅಂದುಬಿಟ್ಟೆ. ಅಲ್ಲಿ ಅದಕ್ಕೆ ಪ್ಯಾಪ್ ಬೋಟ್ ಅನ್ನುತ್ತಾರೆ. ಬ್ರೆಡ್ಡು ನೆನೆಸಿದ ಹಾಲಿನ ಗಂಜಿಯನ್ನು ಕೂಸಿಗೆ, ಕಾಯಿಲೆಯವರಿಗೆ ಕುಡಿಸುತ್ತಿದ್ದದ್ದು. ಊರಿಂದ ತಂದ ನಮ್ಮ ಒಳಲೆಯಲ್ಲಿ ಮೊಮ್ಮಗಳಿಗೆ ಬೆಳಗ್ಗೆಯಷ್ಟೇ ಗ್ರೈಪ್ ವಾಟರ್ ಹಾಕಿದ್ದೆ. ಫೋನಿನಲ್ಲಿ ಅದರ ಫೋಟೋ ತೋರಿಸಿದೆ. ಹಿರಿಯರು ಕನ್ನಡಕ ಏರಿಸಿಕೊಂಡು ನೋಡಿದರು. ನಿಮ್ಮಲ್ಲಿ ಈಗಲೂ ಬಳಸುತ್ತೀರಾ ಅಂತ ಎರಡು ಸಲ ಕೇಳಿದರು. ಅವರೇ ಇನ್ನೊಂದು ಗುಟ್ಟು ಹೇಳಿದರು. ಪ್ಯಾಪ್ ಬೋಟಿಗಿಂತ ಕ್ರೀಮಿನ ಜಗ್ಗಿಗೆ ಬೆಲೆ ಜಾಸ್ತಿ ಇದ್ದಾಗ ಇದಕ್ಕೇ ಕಾಲು, ಹಿಡಿ ಅಂಟಿಸಿ ಜಗ್ಗು ಮಾಡಿ ಮಾರುತ್ತಿದ್ದರಂತೆ. ದೇಹದ ಮೇಲೆ ಮುದ್ರೆ ಸರಿಯಾಗಿಯೇ ಇರುತ್ತದೆ, ಸಾಮಾನು ಮಾತ್ರ ಸುಳ್ಳು. ಇದಕ್ಕೆ ಯಾವ ಕೈಪಿಡಿಯೂ ಸಾಲದು. ಹೇಗಿರಬೇಕಿತ್ತು ಅನ್ನುವುದು ಗೊತ್ತಿದ್ದವರಿಗಷ್ಟೇ ಹೇಗಾಗಿದೆ ಅಂತ ಕಾಣುತ್ತದೆ. ಬೆಲೆ ಕೇಳಿ ಮೆಲ್ಲಗೆ ವಾಪಸ್ ಇಟ್ಟೆ.

ದೊಡ್ಡ ಪುಸ್ತಕದ ಆಸೆ ಹುಟ್ಟಿದ್ದು ಆಮೇಲೆ. ಕೈಪಿಡಿಯಲ್ಲಿ ಊರು, ವರ್ಷ ಸಿಗುತ್ತದೆ. ಮಾಡಿದವರು ಯಾರು ಅಂತ ತಿಳಿಯಲು ಜಾಕ್ಸನ್ ಬೇಕು. ಚಾರ್ಲ್ಸ್ ಜಾಕ್ಸನ್ 1905ರಲ್ಲಿ ಪ್ರಕಟಿಸಿದ ಪುಸ್ತಕ ಅದು. 1989ರಲ್ಲಿ ಇಯಾನ್ ಪಿಕ್‌ಫೋರ್ಡ್ ತಿದ್ದಿ ಹೊಸದಾಗಿ ತಂದರು. ಚೇರಿಂಗ್ ಕ್ರಾಸ್ ರಸ್ತೆ ಪಕ್ಕದ ಸೆಸಿಲ್ ಕೋರ್ಟಿನಲ್ಲಿ ಕೇಳಿದೆ, ಕೈಗೆಟುಕಲಿಲ್ಲ. ಮಗುವಿಗೆ ಮೂರು ತಿಂಗಳಾದ ಮೇಲೆ ಎಲ್ಲರೂ ಕಾರಿನಲ್ಲಿ ಹೇ-ಆನ್-ವೈಗೆ ಹೋದೆವು. ವೇಲ್ಸ್ ಗಡಿಯ ಆ ಪುಟ್ಟ ಊರಿನ ತುಂಬ ಹಳೆ ಪುಸ್ತಕದ ಅಂಗಡಿಗಳು. ಅವೆನ್ಯೂ ರಸ್ತೆಯನ್ನು ಎತ್ತಿ ಹಸಿರು ಗುಡ್ಡದ ಮೇಲೆ ಇಟ್ಟ ಹಾಗೆ, ಗದ್ದಲ ಒಂದಿಲ್ಲ. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ರಟ್ಟು ಸ್ವಲ್ಪ ಕಿತ್ತಿತ್ತು, 28 ಪೌಂಡ್. ಹಿಂದಿನ ಯಜಮಾನರು ಪೆನ್ಸಿಲಿನಲ್ಲಿ ಅಲ್ಲಲ್ಲಿ ‘ಇದು ನನ್ನಲ್ಲಿದೆ’ ಅಂತ ಬರೆದಿದ್ದರು. ಅದಕ್ಕೇ ಇನ್ನೂ 10 ಪೌಂಡ್ ಕೊಡಬಹುದಿತ್ತು.

ವಾಪಸ್ ಬರುವಾಗ ಜಾಕ್ಸನ್‌ನನ್ನು ಕೈಚೀಲದಲ್ಲಿ ಹಿಡಿದೆ. ಭುಜ ಇಳಿದುಹೋಯಿತು. ಬೆಂಗಳೂರಿನಲ್ಲಿ ಇಳಿದು ನೇರ, ಸುಂಕ ಕಟ್ಟುವವರು ಹೋಗುವ ಕೆಂಪು ಚಾನೆಲ್ಲಿಗೆ ಹೋದೆ. ಚಿನ್ನ ಬೆಳ್ಳಿಯಲ್ಲಿ ಸುಂಕದ ರಿಯಾಯಿತಿ ಇರುವುದು ಒಡವೆಗೆ ಮಾತ್ರ, ಬೆಳ್ಳಿ ಸಾಮಾನಿಗಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಬಿಲ್ಲುಗಳನ್ನು ಒಂದು ಕವರಿನಲ್ಲಿ ಇಟ್ಟುಕೊಂಡಿದ್ದೆ. ಅಧಿಕಾರಿ ನಾನು ಅಲ್ಲಿ ಒಟ್ಟು ಕೊಂಡಿದ್ದ ಏಳು ಚಮಚ ತೂಗಿದರು, ಸುಂಕ ಹೇಳಿದರು, ಕಟ್ಟಿದೆ. ರಸೀದಿ ಕೊಡುತ್ತಾ, ‘ಇಷ್ಟು ಹಳೇದು ಯಾಕೆ ತಂದ್ರಿ ಅಮ್ಮ, ಚಿಕ್ಕಪೇಟೇಲಿ ಹೊಸದೇ ಸಿಗುತ್ತಲ್ಲ?’ ಅಂದರು.

ಮನೆಯಲ್ಲಿ ಹೊಸ ತೊಂದರೆ. ಅತ್ತೆಗೆ 84. ಗೌರಿ ಹಬ್ಬ ಹತ್ತಿರ ಬಂದರೆ ಬೆಳ್ಳಿ ಸಾಮಾನೆಲ್ಲ ಹೊರಗೆ ಹರವಿ ವಿಭೂತಿಯಲ್ಲಿ ತಿಕ್ಕುತ್ತಾರೆ. ಅವರ ಮದುವೆಯ ಚೊಂಬಿನಲ್ಲಿ ಅವರ ಅಪ್ಪನ ಹೆಸರಿತ್ತಂತೆ. ಈಗ ನುಣ್ಣಗೆ ಹೊಳೆಯುತ್ತದೆ, ಒಂದಕ್ಷರ ಇಲ್ಲ. ಕಳೆದ ವರ್ಷ ಹಬ್ಬದ ಹಿಂದಿನ ದಿನ ಅವರು ವಿಭೂತಿ ಗಟ್ಟಿ ಪುಡಿ ಮಾಡುತ್ತಿದ್ದ ಸದ್ದು ಕೇಳಿ, ಆ ಡಿ ಅಕ್ಷರದ ಚಮಚವನ್ನು ಸೀರೆಗಳ ಮಧ್ಯೆ ಬಚ್ಚಿಟ್ಟೆ. ಸಂಜೆ ಅವರು ಎಣಿಸಿ ನೋಡಿ, ‘ಆರೇ ಇದೆಯಲ್ಲೇ, ಇನ್ನೊಂದೆಲ್ಲಿ?’ ಅಂದರು.