ಹಳೇ ಬೆನ್ನುನೋವು ಇದ್ದವರಿಗೆ ಅಪಘಾತವಾದರೆ ಪರಿಹಾರ ಕೇಳುವುದು ಹೇಗೆ?

‘ಮುಂಚೆಯೇ ನಿಮಗೆ ಬೆನ್ನುನೋವು ಇತ್ತಲ್ಲವೇ?’ ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಕೇಳುತ್ತಾರೆ. ‘ಇಲ್ಲ ಸ್ವಾಮಿ, ಏನೂ ಇರಲಿಲ್ಲ’ ಅಂದುಬಿಡುತ್ತಾರೆ ಕಕ್ಷಿದಾರರು. ಆಗ ಎರಡು ವರ್ಷ ಹಿಂದಿನ ಎಂಆರ್‌ಐ ವರದಿ ಹೊರಗೆ ಬರುತ್ತದೆ. ಅಲ್ಲಿಂದ ಮುಂದೆ ಅವರ ನಿಜವಾದ ನೋವನ್ನೂ ಯಾರೂ ನಂಬುವುದಿಲ್ಲ. ವಕೀಲಿಕೆಯಲ್ಲಿ ಇದನ್ನು ಎಷ್ಟೋ ಸಲ ನೋಡಿ ಸಂಕಟಪಟ್ಟಿದ್ದೇನೆ.

ಹಳೇ ನೋವಿದ್ದರೆ ಪರಿಹಾರ ಸಿಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಅಪಘಾತದಿಂದ ನೋವು ಎಷ್ಟು ಜಾಸ್ತಿ ಆಯಿತೋ ಅಷ್ಟನ್ನು ಕೇಳುವ ಹಕ್ಕು ನಿಮಗಿದೆ. ಆ ‘ಎಷ್ಟು’ ಅನ್ನುವುದನ್ನು ತೋರಿಸುವುದೇ ಕಷ್ಟದ ಕೆಲಸ.

1. ಅದೇ ದಿನ ಆಸ್ಪತ್ರೆಗೆ ಹೋಗಿ. ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ದಾಖಲೆ) ಮಾಡಿಸಿ. ಕಾಲು ಮುರಿದಿದ್ದರೆ ಎಲ್ಲರ ಗಮನ ಕಾಲಿನ ಮೇಲೇ ಇರುತ್ತದೆ, ಕತ್ತಿನ ನೋವನ್ನು ಬರೆಸುವವರೇ ಇಲ್ಲ. ಎಷ್ಟೋ ಜನರಿಗೆ ಕತ್ತು ಬಿಗಿಯುವುದು ಮರುದಿನ. ಹಾಗಾದರೆ ಮತ್ತೆ ಹೋಗಿ ಬರೆಸಿ. ಮೂರು ತಿಂಗಳಾದ ಮೇಲೆ ಮೊದಲ ಸಲ ದಾಖಲಾದ ನೋವನ್ನು ಅಪಘಾತಕ್ಕೆ ಜೋಡಿಸುವುದು ತುಂಬಾ ಕಷ್ಟ.

2. ಕಾಗದಪತ್ರ. ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮರಿ, ಬಿಲ್ಲುಗಳು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅಪಘಾತ ಬೇರೆ ಊರಿನಲ್ಲಾದರೂ ನೀವು ವಾಸವಿರುವ ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು.

3. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು. ಹೆಚ್ಚಿನವರು ಎಡವುವುದು ಇಲ್ಲೇ. ಬೀರುವಿನಲ್ಲಿ ಬಚ್ಚಿಟ್ಟ ಹಳೇ ಸ್ಕ್ಯಾನು, ಫಿಸಿಯೋಥೆರಪಿ ಚೀಟಿ, ಮಾತ್ರೆ ಚೀಟಿ ಎಲ್ಲವನ್ನೂ ತೆಗೆದು ನಿಮ್ಮ ವಕೀಲರ ಕೈಗೆ ಕೊಡಿ. ಅವು ನಿಮ್ಮ ಶತ್ರು ಅಲ್ಲ. ವರ್ಷಕ್ಕೆ ಎರಡು ಸಲ ಮಾತ್ರ ಡಾಕ್ಟರ ಹತ್ತಿರ ಹೋಗುತ್ತಿದ್ದವರು ಈಗ ವಾರಕ್ಕೆ ಮೂರು ಸಲ ಹೋಗುತ್ತಿದ್ದೀರಿ ಅಂದರೆ, ಆ ವ್ಯತ್ಯಾಸವೇ ಸಾಕ್ಷಿ ಅಲ್ವಾ?

ಎಂಆರ್‌ಐ ತಡಮಾಡಬೇಡಿ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಣಗಿರುವುದು, ಮೂಳೆಯ ಅಂಚಿನಲ್ಲಿ ಮುಳ್ಳಿನಂತೆ ಬೆಳೆದಿರುವುದು ವರ್ಷಗಳ ಸವೆತ. ಮೂಳೆಯೊಳಗಿನ ಊತ, ಹರಿದ ಲಿಗಮೆಂಟು, ಹೊಸ ಬಿರುಕು ಇತ್ತೀಚಿನ ಪೆಟ್ಟಿನ ಗುರುತು. ಆ ಊತ ಕೆಲವು ವಾರ, ತಿಂಗಳುಗಳಲ್ಲಿ ಇಳಿದುಹೋಗುತ್ತದೆ. ತಡವಾಗಿ ಸ್ಕ್ಯಾನ್ ಮಾಡಿಸಿದರೆ ಉಳಿಯುವುದು ಸವೆತದ ಚಿತ್ರ ಮಾತ್ರ.

ವರದಿಯಲ್ಲಿ ‘ಡಿಜೆನರೇಟಿವ್’ (ಸವೆತದಿಂದಾದ) ಅನ್ನುವ ಪದ ನೋಡಿ ಎದೆಗುಂದಬೇಡಿ. ನಲವತ್ತು ದಾಟಿದ, ಯಾವ ನೋವೂ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಅದು ಕಾಣುತ್ತದೆ. ಹಳೇ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಒಟ್ಟಿಗೆ ತೋರಿಸಿ, ಏನು ಬದಲಾಗಿದೆ ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಸ್ಕ್ಯಾನಿನಷ್ಟೇ ಮುಖ್ಯ ನಿಮ್ಮ ಕೆಲಸದ ದಾಖಲೆ. ಬೆನ್ನುನೋವು ಇದ್ದೂ ದಿನಾ ಆಟೋ ಓಡಿಸುತ್ತಿದ್ದಿರಿ, ಮೂಟೆ ಎತ್ತುತ್ತಿದ್ದಿರಿ ಎಂದು ತೋರಿಸಿ. ಹಾಜರಿ ಪುಸ್ತಕ, ರಜೆ ಚೀಟಿ, ಜೊತೆ ಕೆಲಸ ಮಾಡಿದವರ ಸಾಕ್ಷಿ, ಏನಿದ್ದರೂ ಆಗುತ್ತದೆ. ಆಗ ಪಾಟಿ ಸವಾಲಿನಲ್ಲಿ ಹೆದರದೆ ಹೇಳಬಹುದು: ‘ನೋವು ಇತ್ತು. ಆದರೂ ಒಂದು ದಿನವೂ ಕೆಲಸ ಬಿಟ್ಟಿರಲಿಲ್ಲ. ಈಗ ಅರ್ಧ ಗಂಟೆ ಕೂರಲು ಆಗುವುದಿಲ್ಲ.’

ದಯವಿಟ್ಟು ಅಂಗವೈಕಲ್ಯದ ಸರ್ಟಿಫಿಕೇಟನ್ನು ದುಡ್ಡು ಕೊಟ್ಟು ತರಬೇಡಿ. ಚಿಕಿತ್ಸೆಯನ್ನೇ ಕೊಡದ ಡಾಕ್ಟರು ಬರೆದುಕೊಡುವ ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರವಾಗಿರಿ ಎಂದು ಸುಪ್ರೀಂ ಕೋರ್ಟು 2010ರಲ್ಲೇ ರಾಜ್ ಕುಮಾರ್ ಪ್ರಕರಣದಲ್ಲಿ ನ್ಯಾಯಮಂಡಳಿಗಳಿಗೆ ಹೇಳಿದೆ. ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಸಾಕ್ಷಿಗೆ ಕರೆಸಿ. ಅವರಿಗೆ ಬಿಡುವಿಲ್ಲ ಎಂದು ಬೇರೆಯವರನ್ನು ತರುವ ಅಡ್ಡದಾರಿ ನನಗೆ ಒಪ್ಪಿಗೆ ಇಲ್ಲ.

4. ಲೆಕ್ಕ. ಡಾಕ್ಟರು ಹೇಳಿದ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯಲ್ಲಿ ಆದ ನಷ್ಟ ಬೇರೆ. ಅದೇ ತೀರ್ಪು ಇದನ್ನೂ ಬಿಡಿಸಿ ಹೇಳಿದೆ. 42 ವರ್ಷದವರು, ತಿಂಗಳಿಗೆ 20,000 ರೂಪಾಯಿ ದುಡಿಮೆ, ನಷ್ಟ ಶೇ 10 ಎಂದುಕೊಳ್ಳಿ. ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ; ಆ ವಯಸ್ಸಿಗೆ ಈ ಗುಣಕ 14. 20,000 × 12 × 14ರ ಶೇ 10 ಅಂದರೆ 3,36,000 ರೂಪಾಯಿ. ಹಳೇ ಸವೆತದ ಪಾಲು ಎಂದು ಆ ಶೇ 10ರಲ್ಲಿ ಶೇ 5 ಕಳೆದು ಶೇ 5 ಮಾತ್ರ ಉಳಿಸಿದರೆ ಅದು 1,68,000ಕ್ಕೆ ಇಳಿಯುತ್ತದೆ. ಮೂರನೇ ಹೆಜ್ಜೆಗೆ ಅಷ್ಟೊಂದು ಒತ್ತು ಕೊಟ್ಟಿದ್ದು ಇದಕ್ಕೇ. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಇದರ ಮೇಲೆ ಸೇರುತ್ತವೆ.

5. ರಾಜಿ. ಆಸ್ಪತ್ರೆ ಬಾಗಿಲಲ್ಲೇ ಹಿಡಿದು ‘ಬಂದ ದುಡ್ಡಲ್ಲಿ ಇಷ್ಟು ಪಾಲು ಕೊಡಿ ಸಾಕು’ ಅನ್ನುವ ಏಜೆಂಟರಿಗೆ ಸುಮ್ನೆ ಕಾಗದ ಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೂ ನಿಷಿದ್ಧ. ಲೋಕ ಅದಾಲತ್ ಒಳ್ಳೆಯ ದಾರಿ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಬೆನ್ನಿಗೆ ಆಪರೇಷನ್ ಬೇಕೋ ಬೇಡವೋ ಎಂದು ಡಾಕ್ಟರು ಇನ್ನೂ ಹೇಳಿಲ್ಲದಿದ್ದರೆ, ಮುಂದಿನ ತಾರೀಖು ಕೇಳಿಕೊಂಡು ಬನ್ನಿ.