ಬಿಪಿ ಯಂತ್ರವನ್ನು ಮೊಬೈಲ್‌ಗೆ ಜೋಡಿಸುವುದು ಹೇಗೆ?

ಬ್ಲೂಟೂತ್ ಇದೆಯೆಂದು ಹೆಚ್ಚು ದುಡ್ಡು ಕೊಟ್ಟು ಬಿಪಿ ಯಂತ್ರ ತಂದು, ಕೊನೆಗೆ ಅಂಕಿಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗೀಚಿಡುವ ಮನೆಗಳು ಬೇಕಾದಷ್ಟಿವೆ. ಯಂತ್ರ ಕೆಟ್ಟಿರುವುದಿಲ್ಲ, ಜೋಡಿಸಲು ಹೊರಟ ಜಾಗವೇ ತಪ್ಪಾಗಿರುತ್ತದೆ.

1. ಹೊಸ ಸೆಲ್ ಹಾಕಿ. ಟಿವಿ ರಿಮೋಟಿನಿಂದ ಕಿತ್ತ ಸೆಲ್ ಖಂಡಿತ ಬೇಡ. ತೋಳುಪಟ್ಟಿಗೆ ಗಾಳಿ ತುಂಬುವಷ್ಟರಲ್ಲೇ ಅದರ ಕಸುವು ಮುಗಿದಿರುತ್ತದೆ.

2. ಯಂತ್ರ ತಯಾರಿಸಿದ ಕಂಪನಿಯದೇ ಆ್ಯಪ್ ಹಾಕಿಕೊಳ್ಳಿ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಸಾಕು, ಬಿಪಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳ ತಂಟೆಗೇ ಹೋಗಬೇಡಿ.

3. ಇನ್ನು ಜೋಡಣೆ. ಎಲ್ಲರೂ ಎಡವುವುದು ಇಲ್ಲೇ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಬ್ಲೂಟೂತ್ ತೆರೆದು ಯಂತ್ರದ ಹೆಸರು ಹುಡುಕುತ್ತಾರೆ. ಇಯರ್‌ಫೋನ್‌ಗಾದರೆ ಅದು ಸರಿ. ಬಿಪಿ ಯಂತ್ರದಲ್ಲಿರುವುದು 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ‘ಲೋ ಎನರ್ಜಿ’ ಬಗೆ. ಸೆಲ್ ಉಳಿಸಲೆಂದು ಅದು ಅಳತೆ ಮುಗಿದಾಗ ತುಸು ಹೊತ್ತು ಎಚ್ಚರವಾಗಿ, ಅಂಕಿ ಕಳಿಸಿ, ಮತ್ತೆ ಮಲಗಿಬಿಡುತ್ತದೆ. ಆ ಅಂಕಿಗಳನ್ನು ಪಡೆದು ಓದಬೇಕಾದದ್ದು ಆ್ಯಪ್. ಹಾಗಾಗಿ ಬ್ಲೂಟೂತ್ ಆನ್ ಮಾಡಿ, ಸೆಟ್ಟಿಂಗ್ಸ್ ಮುಚ್ಚಿ, ಆ್ಯಪ್ ಒಳಗಿನಿಂದಲೇ ಯಂತ್ರವನ್ನು ಸೇರಿಸಿ.

ಆಗ ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳು ‘ನಿಯರ್‌ಬೈ ಡಿವೈಸಸ್’ ಅನುಮತಿ ಕೇಳುತ್ತವೆ, ಹಳೆಯವು ಲೊಕೇಶನ್ ಕೇಳುತ್ತವೆ. ರಕ್ತದೊತ್ತಡಕ್ಕೂ ನಾನಿರುವ ಜಾಗಕ್ಕೂ ಏನು ಸಂಬಂಧ ಎಂದು ನಿರಾಕರಿಸಿದಿರೋ, ಹುಡುಕಾಟವೇ ನಡೆಯುವುದಿಲ್ಲ. ಸುತ್ತಲಿನ ಬ್ಲೂಟೂತ್ ಸಾಧನಗಳಿಂದ ನೀವಿರುವ ಜಾಗ ಊಹಿಸಬಹುದು, ಅದಕ್ಕೇ ಈ ಪ್ರಶ್ನೆ. ಕಾಂಟ್ಯಾಕ್ಟ್ಸ್ ಕೇಳಿದರೆ ಮಾತ್ರ ಕೊಡಲೇಬೇಡಿ.

ಈಗ ಯಂತ್ರದ ಬ್ಲೂಟೂತ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಪರದೆಯಲ್ಲಿ ಜೋಡಣೆಯ ಗುರುತು ಮಿನುಗುವ ತನಕ ಬೆರಳು ತೆಗೆಯಬಾರದು. ಒತ್ತಿ ತಕ್ಷಣ ಬಿಟ್ಟರೆ ಹಲವು ಯಂತ್ರಗಳು ಹಳೆಯ ಅಂಕಿ ಕಳಿಸಲು ಹೊರಡುತ್ತವೆ. ಫೋನ್ ಪಕ್ಕದಲ್ಲೇ ಇರಲಿ. ಡಬ್ಬಿಯ ಮೇಲಿನ ಹತ್ತು ಮೀಟರ್ ಗೋಡೆಗಳಿಲ್ಲದ ಬಯಲಿನ ಲೆಕ್ಕ. ಮೈಕ್ರೊವೇವ್ ಓವನ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಅದು ಓಡುತ್ತಿರುವಾಗ ಅಡುಗೆಮನೆ ಬೇಡ.

ಇಷ್ಟಾದರೂ ಸಿಗದಿದ್ದರೆ ಯಂತ್ರ ಇನ್ನೊಬ್ಬರ ಫೋನಿಗೆ ಅಂಟಿಕೊಂಡಿರಬಹುದು. ಜೋಡಣೆಯಾದಾಗ ಯಂತ್ರ, ಫೋನ್ ಎರಡೂ ಒಂದು ಗುಪ್ತ ಕೀಲಿಯನ್ನು ಇಟ್ಟುಕೊಳ್ಳುತ್ತವೆ. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟರೆ ಎರಡೂ ಮಾತಾಡುವುದಿಲ್ಲ. ಹಳೆಯ ಫೋನಿನಲ್ಲಿ ‘ಫರ್ಗೆಟ್’ ಒತ್ತಿ, ಕೈಪಿಡಿ ನೋಡಿ ಯಂತ್ರವನ್ನೂ ರೀಸೆಟ್ ಮಾಡಿ. ರೀಸೆಟ್‌ಗೆ ಮುಂಚೆ ಅದರಲ್ಲಿರುವ ಅಂಕಿಗಳನ್ನು ಬರೆದುಕೊಳ್ಳಿ, ಅಳಿಸಿಹೋಗಬಹುದು.

4. ಐದು ನಿಮಿಷ ಸುಮ್ಮನೆ ಕುಳಿತು, ತೋಳುಪಟ್ಟಿ ಎದೆಮಟ್ಟದಲ್ಲಿರುವಂತೆ ಕೈಯನ್ನು ಮೇಜಿನ ಮೇಲಿಟ್ಟು ಅಳೆಯಿರಿ. ಯಂತ್ರದಲ್ಲಿ 1, 2 ಎಂಬ ಗುಂಡಿಯಿದ್ದರೆ ಅಪ್ಪನದು ಒಂದರಲ್ಲಿ, ಅಮ್ಮನದು ಎರಡರಲ್ಲಿ ಇರಲಿ. ಇಬ್ಬರ ಅಂಕಿಗಳೂ ಒಂದೇ ಗೆರೆಯಲ್ಲಿ ಏರಿಳಿದರೆ ವೈದ್ಯರು ಯಾರ ಮಾತ್ರೆ ಬದಲಿಸಬೇಕು?